ದನಿ ಬಾರದ ಉಪಗ್ರಹದ ಸಾಲು

ಜಗತ್ತಿನ ರಾಕೆಟ್ ಉಡಾವಣೆಗಳನ್ನೆಲ್ಲ ದಾಖಲಿಸುವ ಪಟ್ಟಿಯೊಂದು ಅಂತರ್ಜಾಲದಲ್ಲಿದೆ. ಅದನ್ನು ನೋಡಿಕೊಳ್ಳುವ ಕೆಲವರಲ್ಲಿ ನಾನೂ ಒಬ್ಬ. ಸಂಬಳವಿಲ್ಲದ ಕೆಲಸ. ಹಗಲು ಬನಾರಸಿನ ಹಿಂದಿ ಪತ್ರಿಕೆಯೊಂದರಲ್ಲಿ ಬೇರೆಯವರ ವರದಿ ತಿದ್ದುತ್ತೇನೆ, ಬೆಳಗಿನ ಚಹಾದ ಹೊತ್ತಿಗೆ ಈ ಪಟ್ಟಿ. ಎರಡಕ್ಕೂ ಶಿಸ್ತು ಒಂದೇ: ಆಧಾರವಿಲ್ಲದೆ ಬರೆಯಬಾರದು. ಪಟ್ಟಿಗೆ ಇನ್ನೊಂದು ನಿಯಮವುಂಟು. ಉಪಗ್ರಹ ಕಟ್ಟಿದವರು ತಮ್ಮ ಉಪಗ್ರಹದ ಸಾಲನ್ನು ತಾವೇ ಮುಟ್ಟುವಂತಿಲ್ಲ.

ಇದನ್ನು ಅಕ್ಕನ ಮಗಳಿಗೆ ಹೇಳಿಕೊಟ್ಟವನು ನಾನೇ. ಶಾಲೆಯಲ್ಲಿದ್ದಾಗಲೇ ಅವಳು ನನ್ನ ಪಕ್ಕ ಕೂತು, ಮುಂದೂಡಿದ ಉಡಾವಣೆಗಳ ದಿನಾಂಕ ಸರಿಪಡಿಸುತ್ತಿದ್ದಳು. ಆಮೇಲೆ ಬೇರೊಂದು ಊರಿನ ಕಾಲೇಜು ಸೇರಿ, ವಿದ್ಯಾರ್ಥಿಗಳ ತಂಡದೊಂದಿಗೆ ಅಂಗೈ ಮೇಲೆ ನಿಲ್ಲುವಷ್ಟು ಪುಟ್ಟ ಉಪಗ್ರಹ ಕಟ್ಟಿದಳು. ಅದರ ರೇಡಿಯೋ ಅವಳ ಹೊಣೆ.

ರಾಕೆಟ್ ಸರಿಯಾಗಿಯೇ ಹೋಯಿತು. ಉಡಾವಣೆ ‘ಯಶಸ್ವಿ’ ಎಂದು ಬರೆದೆ. ಅದರ ಕೆಳಗೆ ಅವಳ ಉಪಗ್ರಹದ ಸಾಲು: ‘ಕಕ್ಷೆಯಲ್ಲಿದೆ, ಸಂಕೇತಕ್ಕೆ ಕಾಯಲಾಗುತ್ತಿದೆ’. ಭಾವ ದಶಾಶ್ವಮೇಧ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವವರು. ಆ ವಾರ ಪಿಂಡ ಬಿಡಲು ಬಂದವರಿಗೆಲ್ಲ ಫೋನಿನಲ್ಲಿ ಮಗಳ ಸಾಲು ತೋರಿಸಿದರಂತೆ.

ಸಂಕೇತ ಬರಲಿಲ್ಲ. ರಜೆಗೆ ಬಂದ ಅವಳು ಕೇದಾರ ಘಾಟಿನ ಹಿಂದಿನ ಮನೆಯ ಮಹಡಿಯಲ್ಲಿ ಕೂತು, ಬೇರೆ ಬೇರೆ ದೇಶಗಳ ಹವ್ಯಾಸಿ ರೇಡಿಯೋದವರನ್ನು ವಿಚಾರಿಸುತ್ತಿದ್ದಳು. ಏನೂ ಕೇಳಿಸಲಿಲ್ಲ ಎಂದು ಎಲ್ಲರೂ ಮರ್ಯಾದೆಯಿಂದಲೇ ಉತ್ತರಿಸಿದರು. ಗಾಳಿ ತಿರುಗಿದಾಗ ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ಮಹಡಿಗೆ ಬರುತ್ತಿತ್ತು. ಒಣಹಾಕಿದ ಬಟ್ಟೆ ಒಳಗಿಟ್ಟು ಮತ್ತೆ ಬಂದು ಕೂರುತ್ತಿದ್ದಳು. ಉಪಗ್ರಹ ಮುಗಿಯಿತೆಂದು ತಂಡದ ಪರವಾಗಿ ಹೇಳಿಕೆ ಕೊಡಬೇಕಾದವಳು ಅವಳೇ. ಕೊಟ್ಟರೆ ಆಲಿಸುವವರೆಲ್ಲ ಆಲಿಸುವುದನ್ನು ನಿಲ್ಲಿಸುತ್ತಾರೆ. ಮುಂದೆಂದಾದರೂ ಅದು ಎಚ್ಚೆತ್ತರೆ ಕೇಳಲು ಯಾರೂ ಇರುವುದಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು.

“ಇವತ್ತು ಬಳ್ಳಾರಿ ಕಡೆಯೋರು ಬಂದಿದ್ರು,” ಎಂದರು ಭಾವ, ಅನ್ನ ಕಲಸುತ್ತ. “ಮನೆ ಬಿಟ್ಟು ಹೋದ ಅಣ್ಣ, ಹೆಣ ಸಿಕ್ಕಿಲ್ಲ. ದರ್ಭೆಯಲ್ಲಿ ದೇಹ ಮಾಡಿ ಸುಡಿಸ್ದೆ. ತಮ್ಮ ಮೊದ್ಲು ಬೆಂಕಿ ಇಡೋಕೇ ಒಪ್ಲಿಲ್ಲ. ನಾಳೆ ಬಂದ್ಬಿಟ್ರೆ ಅಂತಾನೆ.”

“ಬಂದ್ರೆ?” ಎಂದಳು ಮಗಳು.

“ಅದಕ್ಕೂ ಶಾಸ್ತ್ರ ಇದೆ. ಹೊಸದಾಗಿ ಹುಟ್ಟಿದ ಹಾಗೆ ಜಾತಕರ್ಮದಿಂದ ಎಲ್ಲ ಮಾಡ್ಬೇಕು. ನಾನಿನ್ನೂ ಯಾರಿಗೂ ಮಾಡಿಸಿಲ್ಲ.”

“ಅಪ್ಪ, ನಂದು ಮನುಷ್ಯ ಅಲ್ಲ. ಡಬ್ಬಿ.”

“ಡಬ್ಬಿಗೋಸ್ಕರ ಊಟ ಯಾಕಮ್ಮ ಬಿಟ್ಟಿದೀಯ?”

“ಮಾಮ, ಇವರನ್ನ ಚುಪ್ ಮಾಡ್ಸು,” ಎಂದು ತಟ್ಟೆ ಸರಿಸಿದಳು. ನನ್ನತ್ತ ತಿರುಗಿ ಕೇಳಿದಳು, “ಮುಗೀತು ಅಂತ ನೀನೇ ಬರ್ದುಬಿಡಬಾರ್ದಾ? ಹವ್ಯಾಸಿಗಳು ಬರ್ದಿರೋದು ಇದೆಯಲ್ಲ.”

“ಅದು ಕೇಳಿಸಲಿಲ್ಲ ಅನ್ನೋದಕ್ಕೆ ಆಧಾರ. ಸತ್ತಿದೆ ಅನ್ನೋದಕ್ಕಲ್ಲ. ಅದನ್ನ ತಂಡ ಹೇಳ್ಬೇಕು.”

“ತಂಡ ಅಂದ್ರೆ ನಾನು.”

“ಹೌದು.”

ಭಾವ ಅವಳ ತಟ್ಟೆಗೆ ಮಜ್ಜಿಗೆ ಬಡಿಸಿದರು. ಅವಳು ಮುಟ್ಟಲಿಲ್ಲ.

ಮರುದಿನ ತಂಡದ ಪುಟದಲ್ಲಿ ಹೇಳಿಕೆ ಬಂತು. ಎರಡೇ ವಾಕ್ಯ, ವಿಶೇಷಣವಿಲ್ಲ. ಹಾಗೆ ಬರೆಯುವುದನ್ನು ಅವಳು ನನ್ನಿಂದಲೇ ಕಲಿತದ್ದು. ಸಾಲನ್ನು ತಿದ್ದಿದೆ: ‘ಸಂಪರ್ಕ ಸಿಗಲಿಲ್ಲ, ಕಾರ್ಯ ಮುಗಿದಿದೆ ಎಂದು ತಂಡ ಪ್ರಕಟಿಸಿದೆ’. ಆಲಿಸುತ್ತಿದ್ದವರು ಒಬ್ಬೊಬ್ಬರಾಗಿ ಸಂತಾಪ ತಿಳಿಸಿ ಬೇರೆ ಉಪಗ್ರಹಗಳತ್ತ ಹೋದರು. ಭಾವ ಆಮೇಲೆ ಯಾತ್ರಿಕರಿಗೆ ಫೋನು ತೋರಿಸಲಿಲ್ಲ.

ಆ ಸಂಜೆ ಮಹಡಿಗೆ ಹೋದೆ. ಉಪಗ್ರಹ ಊರಿನ ಮೇಲೆ ಹಾದುಹೋಗುವ ಹೊತ್ತು. ಅವಳು ಕಿವಿಗೆ ಹೆಡ್‌ಫೋನ್ ಹಾಕಿ, ಆಂಟೆನಾವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದಳು.

“ಹೇಳಿಕೆ ಕೊಟ್ಟಾಯ್ತಲ್ಲ,” ಎಂದೆ.

“ತಂಡ ಕೊಟ್ಟಿದೆ,” ಎಂದಳು, ತಿರುಗಿ ನೋಡದೆ.

ಗಾಳಿ ಘಾಟಿನ ಕಡೆಯಿಂದ ಬೀಸತೊಡಗಿತ್ತು. ಭಾವ ಮೇಲೆ ಬಂದರು. ಹಗ್ಗದ ಮೇಲಿನ ಬಟ್ಟೆ ಎತ್ತಿಕೊಂಡು ಕೆಳಗೆ ಹೋದರು.