ಗೋಂದಣ್ಣ ಅಂಟಿಸಿದ್ದು, ಅಕ್ಕ ಹೊಲಿದದ್ದು

ನಮ್ಮ ಆಸ್ಪತ್ರೆಯ ನೀತಿ ಸಮಿತಿಯಲ್ಲಿ ನಾಲ್ವರು ಡಾಕ್ಟರು, ಒಬ್ಬರು ವಕೀಲರು, ನಡಾವಳಿ ಬರೆಯುವ ನಾನು. ಜನಸಾಮಾನ್ಯರ ಪರವಾಗಿ ಗೋಂದಣ್ಣ. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕಸುಬು. ಬಿಡಿ ಹಾಳೆಗಳ ಕ್ರಮ ತಪ್ಪಬಾರದೆಂದು ಪ್ರತಿ ಪುಟದ ಕೊನೆಯ ಸಾಲನ್ನೂ ಮುಂದಿನ ಪುಟದ ಮೊದಲ ಸಾಲನ್ನೂ ಓದಿ ನೋಡುತ್ತಿದ್ದ. ಹೀಗೆ ಓದೀ ಓದೀ ಎಂಟುನೂರು ವರ್ಷ ಹಿಂದಿನ ತತ್ವಜ್ಞಾನಿಗಳು ಅವನಿಗೆ ಪಕ್ಕದ ಮನೆಯವರಂತಾಗಿದ್ದರು.

ಸಾವಿನಂಚಿನ ರೋಗಿಗೆ ಹಾಕಿದ ಉಸಿರಾಟದ ಯಂತ್ರ ಇಡಬೇಕೋ ತೆಗೆಯಬೇಕೋ ಎಂದು ಡಾಕ್ಟರುಗಳು ತಲೆ ಕೆಡಿಸಿಕೊಂಡಾಗ ಇವನದು ಆ ಪುಸ್ತಕಗಳಿಂದ ಕಲಿತ ಒಂದೇ ಮಾತು: ಇರವು ನಮ್ಮ ಗಳಿಕೆಯಲ್ಲ, ಗಳಿಗೆ ಗಳಿಗೆಗೂ ಸಿಗುವ ಕೊಡುಗೆ, ಅದನ್ನು ಎಸೆಯುವ ಹಕ್ಕು ನಮಗಿಲ್ಲ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುತ್ತಾನೆಂದು ವಕೀಲರು ಗೊಣಗುತ್ತಿದ್ದರು. ನನಗಂತೂ ಆ ಮಾತು ಇಷ್ಟವಾಗಿತ್ತು, ಅದರಿಂದ ಏನು ಮಾಡಬೇಕೆಂದು ತಿಳಿಯದಿದ್ದರೂ ಬರೆದುಕೊಳ್ಳುತ್ತಿದ್ದೆ.

ಕಳೆದ ವರ್ಷ ಅವನ ಅಕ್ಕನ ಕಿಡ್ನಿಗಳು ಕೈಕೊಟ್ಟವು. ಮದುವೆಯ ಗೋಜಿಗೆ ಹೋಗದ ಇಬ್ಬರೂ ಒಂದೇ ಮನೆಯಲ್ಲಿದ್ದರು. ಎಂಬತ್ತೊಂದರ ಮುದುಕಿ ಎರಡು ತಿಂಗಳು ಡಯಾಲಿಸಿಸ್ ಮಾಡಿಸಿಕೊಂಡು, ಇನ್ನು ಸಾಕು, ಮನೆಗೆ ಹೋಗುತ್ತೇನೆ ಎಂದಳು. ನಿಲ್ಲಿಸಿದರೆ ಎರಡು ಮೂರು ವಾರ ಎಂದರು ಡಾಕ್ಟರು. ಗೋಂದಣ್ಣ ಕೆಂಡಾಮಂಡಲವಾದ. ಅಕ್ಕನನ್ನು ತಡೆಯಿರಿ ಎಂದು ಸಮಿತಿಗೇ ಅರ್ಜಿ ಕೊಟ್ಟ. ತಾನೇ ಸದಸ್ಯ, ತಾನೇ ಅರ್ಜಿದಾರ! ನಾವೆಲ್ಲ ಅವಳ ಮಂಚದ ಸುತ್ತ ನಿಂತೆವು. ಅವನು ಅದೇ ಹಳೆಯ ಮಾತನ್ನು ಒಪ್ಪಿಸಿದ.

ನಲವತ್ತು ವರ್ಷ ಅವನ ಅಂಗಡಿಯಲ್ಲಿ ಹಾಳೆ ಹೊಲಿದವಳು ಅಕ್ಕ.

"ನೀನು ಪುಟದ ಅಂಚು ಓದಿದೆ ಕಣೋ, ನಾನು ನಡುವಿನದನ್ನೂ ಓದಿದೀನಿ," ಎಂದಳು. "ಕೊಟ್ಟಿದ್ದನ್ನ ಎಸೀಬೇಡ ಅಂತ ನಿನ್ನ ತತ್ವಜ್ಞಾನಿಗಳು ಅಂದಿದಾರೆ, ಸರಿ. ಮುಷ್ಟಿ ಬಿಗಿಹಿಡ್ಕೊಂಡೇ ಕೂತಿರು ಅಂತ ಎಲ್ಲಿ ಅಂದಿದಾರೆ? ಸಾಯ್ಸೋದು ಬೇರೆ, ಸಾಯೋಕೆ ಬಿಡೋದು ಬೇರೆ."

ಹಿರಿಯ ಡಾಕ್ಟರು ನಕ್ಕು, ಬರೆದುಕೊಳ್ಳಿ ಎಂದು ನನಗೆ ಸನ್ನೆ ಮಾಡಿದರು. ಗೋಂದಣ್ಣ ಮಾತ್ರ ನಗಲಿಲ್ಲ.

"ನೀನು ಹೋದ್ರೆ ನಾನೇನು ಮಾಡ್ಲಿ ಅಕ್ಕಾ?"

"ಹಾಗೆ ಕೇಳು. ಅದಕ್ಕೆ ಇಷ್ಟು ಜನರನ್ನ ಯಾಕೆ ಕರ್ಕೊಂಡು ಬಂದೆ?"

ಅವನು ಅರ್ಜಿ ಹಿಂದಕ್ಕೆ ಪಡೆದ. ಮನೆಗೆ ಹೋದ ಮೇಲೆ ಅಕ್ಕ ಹತ್ತೊಂಬತ್ತು ದಿನ ಇದ್ದಳು. ಎಪ್ಪತ್ತು ದಾಟಿದ ತಮ್ಮನಿಗೆ ಮಂಚದಿಂದಲೇ ಅಡುಗೆ ಕಲಿಸಿದಳು. ನಾನು ಹೋದಾಗಲೆಲ್ಲ ಉಪ್ಪಿನ ವಿಷಯಕ್ಕೆ ಇಬ್ಬರಿಗೂ ಜಗಳ. ಅಷ್ಟು ಖುಷಿಯ ಮನೆಯನ್ನು ನಾನು ನೋಡಿದ್ದೇ ಕಡಿಮೆ. ಕೊನೆಯ ದಿನ ಬೆಳಿಗ್ಗೆ ಅವನು ಮಾಡಿದ್ದನ್ನು ಒಂದು ತುತ್ತು ಬಾಯಿಗಿಟ್ಟು, ಈಗ ಸರಿಯಾಗಿದೆ ಎಂದಳಂತೆ. ಗೋಂದಣ್ಣ ಸೌಟು ಹಿಡಿದುಕೊಂಡೇ ಅತ್ತ.