ಹತ್ತಿಯ ಡಬ್ಬಿಯಲ್ಲಿ ಉಳಿದ ಲಿಂಗ

ನನ್ನ ಬಾಯಿ ಜೋರು, ಕೈ ಮೆತ್ತಗೆ ಎಂದು ಜೊತೆಗೆ ದುಡಿದವರು ಹೇಳುತ್ತಿದ್ದರು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಮಾಡುವುದಾದರೂ ಏನು? ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟಿ ಬರತೊಡಗಿದೆ. ಯಾರಿಗೂ ಧರ್ಮ ಹೇಳುತ್ತಿರಲಿಲ್ಲ. ಯೇಸುಸ್ವಾಮಿಯನ್ನು ನಂಬುವವರು ಕೈಯಿಂದ ನಂಬಬೇಕು, ಬಾಯಿಂದಲ್ಲ ಎಂಬುದು ನನ್ನ ಹಟ. ಆ ಹಟದ ಬಗ್ಗೆ ನನಗೆ ಒಳಗೊಳಗೇ ಭಾರಿ ಹೆಮ್ಮೆಯಿತ್ತು. ಮುಂದೆ ಆದದ್ದಕ್ಕೆಲ್ಲ ಆ ಹೆಮ್ಮೆಯೇ ಮೂಲವಾದ್ದರಿಂದ ಅದನ್ನು ಮೊದಲೇ ಹೇಳಿಬಿಟ್ಟೆ.

ಹೀಗೆ ಕಮಲಾಪುರದ ಒಬ್ಬ ಮುದುಕಿಯ ಮನೆಗೆ ಬುಧವಾರ ಮತ್ತು ಶನಿವಾರ ಹೋಗುತ್ತಿದ್ದೆ. ಸೊಂಟ ಮುರಿದು ಮಲಗಿ ಎಂಟು ತಿಂಗಳಾಗಿತ್ತು. ಬೆನ್ನಿನ ಕೆಳಭಾಗದಲ್ಲಿ ಅಂಗೈ ಅಗಲದ ಹುಣ್ಣು. ಮಗ ಲಾರಿ ಡ್ರೈವರ್. ಕಲಬುರಗಿಯ ನೆಹರು ಗಂಜಿನ ಮಂಡಿಯಲ್ಲಿ ಬೇಳೆ ಹೇರಿಕೊಂಡು ಹೊರಟರೆ ನಾಲ್ಕೈದು ದಿನ ಪತ್ತೆಯಿರುತ್ತಿರಲಿಲ್ಲ. ಹೇಲು ಉಚ್ಚೆ ಬಳಿದು, ಉಣಿಸಿ, ಮಗ್ಗುಲು ಬದಲಿಸಿ ನೋಡಿಕೊಳ್ಳುವವಳು ಸೊಸೆಯೊಬ್ಬಳೇ. ಮಾತು ಕಡಿಮೆ ಅವಳದು.

ಮುದುಕಿ ಹಾಗಲ್ಲ. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಕಿರಸ್ತಾನದಾಕಿ ಅಂತಲ್ಲ. ನಮ್ಮನ್ಯಾಗ ಚಾ ಕುಡೀತಿಯೋ ಇಲ್ಲೋ?" ಎಂದು ಕೇಳಿದ್ದಳು.

"ಸಕ್ಕರಿ ಜಾಸ್ತಿ ಹಾಕಿದ್ರ ಕುಡೀತೀನಿ," ಎಂದೆ.

"ಭಾಳ ಶಾಣ್ಯಾ ಇದ್ದಿ," ಎಂದು ನಕ್ಕಳು. ಅಂದಿನಿಂದ ನಾನು ಬರುವ ಹೊತ್ತಿಗೆ ತಲೆದಿಂಬಿನ ಪಕ್ಕದಲ್ಲಿ ಒಂದು ಕೆಂಪು ಬಾಳೆಹಣ್ಣು ಇಡಿಸಿರುತ್ತಿದ್ದಳು. ಅಲ್ಲೇ ಅವಳ ಕಣ್ಣೆದುರಿಗೆ ತಿನ್ನಬೇಕು.

ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹುಡುಗಿಯಾಗಿದ್ದಾಗ ಕಟ್ಟಿದ್ದು, ಅಲ್ಲಿಂದ ಮೈಬಿಟ್ಟು ಹೋದದ್ದಿಲ್ಲ. ತುತ್ತಾಗಲಿ, ಗುಟುಕು ನೀರಾಗಲಿ, ಮೊದಲು ಲಿಂಗಕ್ಕೆ ತೋರಿಸಿದ ಮೇಲೆಯೇ ಅವಳ ಬಾಯಿಗೆ. ಗುಳಿಗೆ ನುಂಗುವಾಗಲೂ ಅಷ್ಟೇ. ನಾನು ಬೇಜಾರಿನಿಂದ, "ಆತೇನವಾ ನಿನ್ನ ದೇವ್ರಿಗಿ ತೋರ್ಸೋದು?" ಎಂದು ಗದರಿದರೆ, "ನಿನಗ್ಯಾಕ ಅವಸರ, ನಿನ್ನ ಗಂಡ ಕಾಯ್ಲಾಕತ್ತಾನೇನು?" ಎನ್ನುತ್ತಿದ್ದಳು. ನನ್ನ ಗಂಡ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಅದು ಗೊತ್ತಿದ್ದೇ ಅನ್ನುತ್ತಿದ್ದಳು. ಅವಳ ಬಾಯಲ್ಲಿ ಆ ಮಾತು ನನಗೆ ಸೇರುತ್ತಿತ್ತು.

ಪಟ್ಟಿ ಬದಲಿಸಲು ಅವಳನ್ನು ಬೋರಲು ಮಲಗಿಸಬೇಕು. ಕರಡಿಗೆ ಎದೆಗೆ ಒತ್ತಿ ನೋಯುತ್ತದೆ. ಅದಕ್ಕಾಗಿ ಅಷ್ಟು ಹೊತ್ತು ದಾರ ಬಿಚ್ಚಿ ಕರಡಿಗೆ ಸಮೇತ ಲಿಂಗವನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ನಾನು ಹುಣ್ಣಿನ ಸತ್ತ ಮಾಂಸ ಕತ್ತರಿಸುವಾಗ ಆ ಮುಷ್ಟಿ ಬಿಗಿಯುವುದನ್ನು ನೋಡಿಯೇ ಎಷ್ಟು ನೋವೆಂದು ತಿಳಿದುಕೊಳ್ಳುತ್ತಿದ್ದೆ.

ಆ ಶನಿವಾರ ಅವಳ ಬೆರಳುಗಳು ಬಾತಿದ್ದವು. ಮುಷ್ಟಿ ಕೂಡಲಿಲ್ಲ. ಕರಡಿಗೆ ಎರಡು ಸಲ ಕೌದಿಯ ಮೇಲೆ ಜಾರಿತು. ಸೊಸೆ ನೀರಿಗೆ ಹೋಗಿದ್ದಳು. ಮುದುಕಿ ನನ್ನ ಕಡೆ ಕುತ್ತಿಗೆ ತಿರುಗಿಸಿ, "ನೀನೇ ಹಿಡ್ಕೋ ಯವ್ವಾ. ನೆಲಕ್ಕಿಡಬ್ಯಾಡ," ಎಂದಳು.

ಎರಡೂ ಕೈಯಲ್ಲಿ ಕೆಲಸವಿರುವಾಗ ಹಿಡಿದುಕೊಳ್ಳುವುದು ಹೇಗೆ? ನನ್ನ ಸಾಮಾನಿನಲ್ಲಿ ಎಲ್ಲಕ್ಕಿಂತ ಶುದ್ಧವಾದದ್ದು ಹತ್ತಿಯ ಡಬ್ಬಿ. ಹೊಸ ಹತ್ತಿಯಲ್ಲಿ ಸುತ್ತಿ ಅದರೊಳಗಿಟ್ಟು ಮುಚ್ಚಳ ಹಾಕಿದೆ. ಪಟ್ಟಿ ಕಟ್ಟಿ ಮುಗಿಯುವಷ್ಟರಲ್ಲಿ ನೋವಿಗೆ ಸುಸ್ತಾಗಿ ಮುದುಕಿಗೆ ಮಂಪರು ಹತ್ತಿತ್ತು. ಬಸ್ಸಿನ ಹೊತ್ತಾಯಿತೆಂದು ಸಾಮಾನು ಬಳಿದು ಚೀಲಕ್ಕೆ ತುಂಬಿಕೊಂಡು ಬಂದೆ. ಮರೆತೆ. ಇಷ್ಟರ ಮಟ್ಟಿಗೆ ನನ್ನ ತಪ್ಪು ಯಾರಾದರೂ ಮಾಡುವಂಥದ್ದು.

ಮೂರು ಗಂಟೆಯ ಸುಮಾರಿಗೆ ಕತ್ತರಿ ಕುದಿಸಲೆಂದು ಚೀಲ ತೆಗೆದಾಗ ಡಬ್ಬಿಯಲ್ಲಿ ಕರಡಿಗೆ ಸಿಕ್ಕಿತು. ಒಗೆದ ಕರವಸ್ತ್ರ ಹಾಸಿ ಕಪಾಟಿನ ಮೇಲಿನ ಅರೆಯಲ್ಲಿಟ್ಟೆ. ಏನು ಮಾಡುವುದೆಂದು ನೋಡುತ್ತ ನಿಂತಿದ್ದಾಗಲೇ ಸೊಸೆಯ ಫೋನು ಬಂತು.

"ಅಕ್ಕೋರೆ, ಅತ್ತಿ ಲಿಂಗ ನಿಮ್ಮ ಬಲ್ಲಿ ಏನಾರ ಅದ ಏನ್ರೀ?"

"ಅದ ತಂಗಿ. ಮರತು ತಂದೀನಿ."

"ಸಿಕ್ತಲ್ರೀ, ಭೇಷ್ ಆತು. ಹಾಸಗಿ ಎಲ್ಲ ಝಾಡಿಸಿ ನೋಡಿದೆ. ಅತ್ತಿ ನೀರು ಕುಡೀವಲ್ಲರು. ಚಮಚಾದಾಗ ಹಾಕಿದ್ರ ಬಾಯಿ ಮುಚ್ಚತಾರ. ಇವರೂ ಊರಾಗಿಲ್ಲ. ಯಾರನ್ನಾರ ಕಳಸ್ಲೇನ್ರೀ?"

ಈಗ ನನ್ನ ಮರ್ಯಾದೆ ಬಿಟ್ಟು ಹೇಳಬೇಕು. ಮರುದಿನ ಭಾನುವಾರ ನಮ್ಮ ಚರ್ಚಿನಲ್ಲಿ ನನಗೆ ಸನ್ಮಾನವಿತ್ತು. ನಾನು ಮಾಡುವ ಸೇವೆಗಾಗಿ, ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ನಿಲ್ಲಿಸಿ ಶಾಲು ಹೊದಿಸುವವರಿದ್ದರು. ನನ್ನ ಬಗ್ಗೆ ನಾಲ್ಕು ಮಾತು ಬರೆದುಕೊಳ್ಳಲು ಸಭಾಪಾಲಕರು ಅದೇ ಸಂಜೆ ಐದಕ್ಕೆ ಮನೆಗೆ ಬರುವವರಿದ್ದರು. ಕಮಲಾಪುರಕ್ಕೆ ಹೋಗಿಬರಲು ಮೂರು ತಾಸು ಬೇಕು. ಅದೇ ದಾರಿಯಲ್ಲಿ ಹೋಗುವ ಹುಮನಾಬಾದ ಬಸ್ಸುಗಳು ಬೇಕಾದಷ್ಟಿದ್ದವು. ಸಭಾಪಾಲಕರಿಗೆ ಒಂದು ಫೋನು ಮಾಡಿದ್ದರೆ, "ಹೋಗಿ ಬನ್ನಿರಮ್ಮ," ಎನ್ನುತ್ತಿದ್ದರು. ಅವರು ಅಂಥ ಮನುಷ್ಯ.

"ನಂಗ ಯಾಕೋ ಜ್ವರ ಬಂದಾವ ತಂಗಿ," ಎಂದೆ. "ಎದ್ದು ಕೂಡ್ಲಾಕ ಆಗವಲ್ದು. ಯಾರ್ಯಾರದೋ ಕೈಯಾಗ ಅದನ್ನ ಹ್ಯಾಂಗ ಕೊಡ್ಲಿ? ನಾಳಿ ಮಧ್ಯಾಹ್ನದೊಳಗ ನಾನೇ ತರ್ತೀನಿ."

"ಆತ್ರೀ. ನೀವು ಗುಳಿಗಿ ತಗೊಂಡು ಮಲಗ್ರಿ," ಎಂದು ಫೋನಿಟ್ಟಳು.

ಎಂಬತ್ತು ದಾಟಿದ, ಮೈಯಲ್ಲಿ ತ್ರಾಣವಿಲ್ಲದ ಮುದುಕಿ ಬೇಸಿಗೆಯಲ್ಲಿ ಒಂದು ದಿನ ನೀರು ಬಿಟ್ಟರೆ ಏನಾಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿತ್ತು. ರಾತ್ರಿಯಾದರೆ ಹಟ ಬಿಡುತ್ತಾಳೆ, ಬಾಯಾರಿದರೆ ತಾನೇ ಕುಡಿಯುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಕುಡಿಯುವವಳಲ್ಲ ಎಂಬುದೂ ಗೊತ್ತಿತ್ತು. ಐದಕ್ಕೆ ಸಭಾಪಾಲಕರು ಬಂದರು. ಕಮಲಾಪುರದ ಮುದುಕಿಯ ವಿಷಯ ನಾನೇ ಹೇಳಿ ಬರೆಸಿದೆ. ಎಷ್ಟು ನಾಚಿಕೆಗೇಡಿ ಹೆಂಗಸು ನಾನು.

ಭಾನುವಾರ ಆರಾಧನೆ ಉದ್ದವಾಯಿತು. ಹೊರಗಿನಿಂದ ಬಂದ ಹಿರಿಯರು ಶಾಲು ಹೊದಿಸಿದರು, ಚಪ್ಪಾಳೆಯಾಯಿತು. ಮುದುಕಿಯ ಬಗ್ಗೆ ಓದುವಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಊಟ. ಬಿರಿಯಾನಿ ಚೆನ್ನಾಗಿತ್ತು, ಎರಡನೆಯ ಸಲ ಹಾಕಿಸಿಕೊಂಡೆ. ಕೈತೊಳೆದು ಬಂದು ಪರ್ಸಿನಿಂದ ಫೋನು ತೆಗೆದಾಗ ಕಮಲಾಪುರದಿಂದ ನಾಲ್ಕು ಕರೆ ಬಂದಿದ್ದವು. ಕೊನೆಯದು ಹತ್ತೂವರೆಗೆ. ತಿರುಗಿ ಮಾಡಿದಾಗ ಫೋನೆತ್ತಿದ್ದು ಯಾವನೋ ಗಂಡಸು. "ಮುದುಕಿ ಹೋದ್ಳ್ರೀ," ಎಂದ, ಅಷ್ಟೇ.

ಮನೆಗೆ ಓಡಿ ಶಾಲನ್ನು ಮಂಚದ ಮೇಲೆ ಬಿಸಾಕಿ ಕರಡಿಗೆ ತೆಗೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ಎಡ ಮುಷ್ಟಿಯಲ್ಲೇ ಹಿಡಿದಿದ್ದೆ. ಪ್ರಾರ್ಥನೆ ಮಾಡಬೇಕೆಂದುಕೊಂಡೆ, ಬರಲಿಲ್ಲ. ಏನೆಂದು ಕೇಳಿಕೊಳ್ಳುವುದು?

ಮುದುಕಿಯನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈ ತೊಡೆಯ ಮೇಲೆ ಅಂಗಾತ ತೆರೆದಿತ್ತು. ಅವರಲ್ಲಿ ಮಣ್ಣು ಮಾಡುವಾಗ ಆ ಅಂಗೈಯಲ್ಲಿ ಲಿಂಗ ಇರಬೇಕು. ಬೇರೆ ಲಿಂಗ ತರಿಸೋಣ ಎಂದು ಕ್ರಿಯೆ ಮಾಡಿಸಲು ಬಂದ ಅಯ್ಯನವರು ಹೇಳಿದ್ದರಂತೆ. ಸೊಸೆ ಬೇಡವೆಂದು, ಅಕ್ಕೋರು ತರುತ್ತಾರೆಂದು ಎಲ್ಲರನ್ನೂ ನಿಲ್ಲಿಸಿಕೊಂಡಿದ್ದಳು. ನನ್ನ ಕೈಯಿಂದ ಕರಡಿಗೆ ತೆಗೆದುಕೊಂಡವಳು ಲಿಂಗವನ್ನು ನೀರಲ್ಲಿ ತೊಳೆದಳು. ಆ ನೀರಲ್ಲಿ ಬೆರಳದ್ದಿ ಅತ್ತೆಯ ಒಣಗಿ ಒಡೆದ ತುಟಿಗೆ ಸವರಿದಳು, ಒಂದು ಸಲ, ಮತ್ತೊಂದು ಸಲ. ಆಮೇಲೆ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

ಬಾಗಿಲ ಬಳಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು ನನ್ನ ಕಡೆ ನೋಡಿ, "ನಿನ್ನಿನೇ ತಂದಿದ್ರ ಎರಡು ಗುಟುಕು ನೀರರ ಕುಡದು ಹೋಗ್ತಿದ್ಳು. ಹೆಂಥಾ ಸೇವಾ ಮಾಡ್ದಿ ತಾಯಿ," ಎಂದಳು. ಉಳಿದವರೂ ನನ್ನತ್ತ ತಿರುಗಿದರು. ನಾನು ಇಸ್ತ್ರಿ ಮಾಡಿದ ರೇಷ್ಮೆ ಸೀರೆಯಲ್ಲೇ ನಿಂತಿದ್ದೆ. ಅದನ್ನು ಬದಲಿಸುವ ಎಚ್ಚರವೂ ನನಗಿರಲಿಲ್ಲ.

ಸೊಸೆ ಎದ್ದು ಬಂದಳು. ಸೀರೆ ನೋಡಿದಳು. ನನ್ನ ಹಣೆಗೆ ಅಂಗೈ ಒತ್ತಿದಳು, ಆಮೇಲೆ ಕೊರಳಿಗೆ, ನಾನೇ ಅವಳಿಗೆ ಕಲಿಸಿಕೊಟ್ಟಿದ್ದ ರೀತಿಯಲ್ಲಿ. ನನ್ನ ಮೈ ತಣ್ಣಗಿತ್ತು. ಅದು ಅವಳಿಗೆ ತಿಳಿಯಿತು. ತಿಳಿಯಿತೆಂಬುದು ಅವಳ ಕೈ ಹಾಗೇ ನಿಂತದ್ದರಿಂದ ನನಗೂ ಗೊತ್ತಾಯಿತು. ಅವಳ ಕಣ್ಣನ್ನು ನೋಡಲಾಗದೆ ಅವಳ ಕೊರಳ ಕರಡಿಗೆಯನ್ನು ನೋಡುತ್ತ ನಿಂತೆ.

"ಯಾರೂ ಏನೂ ಅನಬ್ಯಾಡ್ರಿ ಅವರಿಗಿ," ಎಂದು ಅವಳು ಕೂತವರ ಕಡೆ ತಿರುಗಿ ಹೇಳಿದಳು. "ಮೈ ಸುಡ್ಲಾಕತ್ತದ. ಇಂಥಾ ಜ್ವರದಾಗ ಎದ್ದು ಬಂದಾರ, ಪಾಪ."

ಹೆಂಗಸರು ಸರಿದು ನನಗೆ ಜಾಗ ಮಾಡಿಕೊಟ್ಟರು. ಇಲ್ಲ, ನನಗೆ ಜ್ವರವೇ ಬಂದಿರಲಿಲ್ಲ ಎನ್ನಬೇಕಾಗಿತ್ತು. ಜೋರು ಬಾಯಿಯ ನಾನು ತಲೆತಗ್ಗಿಸಿ ಕೂತೆ. ಅವಳು ಒಳಗಿನಿಂದ ಒಂದು ತಂಬಿಗೆ ನೀರು ತಂದು ನನ್ನ ಕೈಗೆ ಕೊಟ್ಟಳು. ಮುದುಕಿಯ ಎದುರಿಗೇ ಅದನ್ನು ಕುಡಿದೆ.