ನೆಲದಿಂದ ಏಳುವ ಪಾಠ

ಗೆಳೆಯರೇ, ಎಪ್ಪತ್ತೊಂದು ವರ್ಷದ ನಾನು ಇವತ್ತು ಬೆಳಿಗ್ಗೆ ಚೆನ್ನೈನ ನಮ್ಮ ವಡಪಳನಿ ಅಪಾರ್ಟ್‌ಮೆಂಟಿನ ಜಿಮ್ಮಿನಲ್ಲಿ ಟ್ರೇನರ್ ಜೊತೆ ವಾದಕ್ಕೆ ನಿಂತೆ. ಹೊಸದಾಗಿ ಬಂದ ಹುಡುಗಿ, ಹೆಸರು ಕವಿತಾ. ನನ್ನನ್ನು ನೋಡಿದ್ದೇ ಕುರ್ಚಿ ಎಳೆದು, "ಪಾಟಿ, ಇಲ್ಲೇ ಕೂತು ಕೈ ಆಡಿಸಿ, ಪೋದುಂ" ಎಂದಳು. ತಮಿಳಿನಲ್ಲಿ ಪಾಟಿ ಎಂದರೆ ಅಜ್ಜಿ, ಪೋದುಂ ಎಂದರೆ ಸಾಕು.

"ಪೋದಾದು, ಸಾಲದು. ನೆಲದಿಂದ ಏಳೋದು ಹೇಳಿಕೊಡಮ್ಮಾ" ಎಂದೆ.

"ಈ ವಯಸ್ಸಲ್ಲಿ ನೆಲದ ಮೇಲೆ ಯಾಕೆ ಪಾಟಿ?"

ಹೇಳಿದೆ. ಹೋದ ವರ್ಷ ಅಡುಗೆಮನೆಯಲ್ಲಿ ಜಾರಿ ಬಿದ್ದಿದ್ದೆ. ಮೂಳೆ ಒಂದೂ ಮುರಿದಿರಲಿಲ್ಲ, ಆದರೆ ಏಳಲು ಆಗಲಿಲ್ಲ. ಯಜಮಾನರು ವಾಕಿಂಗ್ ಮುಗಿಸಿ ಬರುವ ತನಕ ಒಂದು ಗಂಟೆ ಸೂರು ನೋಡುತ್ತಾ ಮಲಗಿದ್ದೆ.

ಹುಡುಗಿ ಕುರ್ಚಿಯನ್ನು ಪಕ್ಕಕ್ಕಿಟ್ಟಳು. ಮೊದಲು ಮಗ್ಗುಲಾಗಿ, ಆಮೇಲೆ ಮಂಡಿಯೂರಿ, ಒಂದು ಪಾದ ಮುಂದಿಟ್ಟು ಏಳುವುದನ್ನು ತೋರಿಸಿದಳು. ಮೂರು ಸಲ ಕುಸಿದೆ. ನಾಲ್ಕನೆಯ ಸಲ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತೆ. ಎದೆ ಡವಡವ ಎನ್ನುತ್ತಿತ್ತು, ಆದರೆ ಎಷ್ಟು ಖುಷಿ ಅಂತೀರಿ!

ಅಷ್ಟರಲ್ಲಿ ಬಾಗಿಲಲ್ಲಿ ಪಂಚೆಯುಟ್ಟ ಯಜಮಾನರು. "ಸಾಕು ಬಾರೇ, ಏನಾದ್ರೂ ಮುರ್ಕೊಂಡ್ರೆ? ನನ್ ಹಾಗೆ ದಿನಾ ವಾಕಿಂಗ್ ಮಾಡು."

"ಸರಿ, ನೀವೊಂದ್ಸಲ ಮಲಗಿ ಎದ್ದು ತೋರಿಸಿ ನೋಡೋಣ."

ಮಲಗುವುದೇನೋ ಚೆನ್ನಾಗಿಯೇ ಮಲಗಿದರು. ಎಬ್ಬಿಸಲು ನಾವಿಬ್ಬರೂ ಬೇಕಾಯಿತು.

ಲಿಫ್ಟಿನಲ್ಲಿ ಮೆಲ್ಲಗೆ ಕೇಳಿದರು, "ಆ ಹುಡುಗಿ ನಾಳೆನೂ ಬರ್ತಾಳಾ?"

"ಬರ್ತಾಳೆ. ನೀವು ಈ ವೇಷ್ಟಿ ಬಿಟ್ಟು ಪ್ಯಾಂಟ್ ಹಾಕ್ಕೊಂಡು ಬನ್ನಿ, ಅಷ್ಟೇ."